ಹಣ ಕೊಡುವ ಕೆಲಸ, ಸಮಯ ಕೊಡುವ ಕೆಲಸ

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ನಾನೊಂದು ಲೆಕ್ಕ ಹಾಕಿದೆ. ತಿಂಗಳಿಗೆ 22 ದಿನ, ದಿನಕ್ಕೆ 8 ಗಂಟೆ, ಒಟ್ಟು 176 ಗಂಟೆ. ಸಂಬಳವನ್ನು ಅದರಿಂದ ಭಾಗಿಸಿದಾಗ ನನ್ನ ಒಂದು ಗಂಟೆಯ ಬೆಲೆ ಸಿಕ್ಕಿತು. ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗುವ ಅಡುಗೆ, ಬಟ್ಟೆ, ಇಸ್ತ್ರಿ ಎಲ್ಲವನ್ನೂ ದುಡ್ಡು ಕೊಟ್ಟು ಮಾಡಿಸತೊಡಗಿದೆ. ಆದರೆ ಲೆಕ್ಕದಲ್ಲಿ ತಪ್ಪಿತ್ತು. ಉಳಿದ ಗಂಟೆಗೆ ಯಾರೂ ಹೆಚ್ಚು ಸಂಬಳ ಕೊಡಲಿಲ್ಲ. ಅದು ಮೊಬೈಲ್ ನೋಡುವುದರಲ್ಲಿ ಹೋಯಿತು.

ಊರಿನಲ್ಲಿ ತಪ್ಪು ಇನ್ನೊಂದು ಬಗೆಯದು. ಇಲ್ಲಿ ಸಮಯಕ್ಕೆ ಬೆಲೆಯೇ ಇಲ್ಲವೆಂದುಕೊಳ್ಳುತ್ತೇವೆ. ಆನ್‌ಲೈನಿನಲ್ಲಿ ಸಿಗುವ ಪಹಣಿಗಾಗಿ ತಾಲ್ಲೂಕು ಕಚೇರಿಗೆ ಹೋದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಅದರಲ್ಲೂ ಹೆಣ್ಣುಮಕ್ಕಳ ಸಮಯವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ವಾಷಿಂಗ್ ಮಷೀನ್ ತರುತ್ತೇನೆಂದಾಗ ಅಮ್ಮ, “ನಾನು ಮನೇಲೇ ಇರ್ತೀನಲ್ಲ, ಸುಮ್ಮನೆ ದುಡ್ಡು ಯಾಕೆ?” ಎಂದರು. ಮಂಡಿನೋವಿನಲ್ಲೇ ಒಗೆಯುವ ಕಲ್ಲಿನ ಮುಂದೆ ನಿಲ್ಲುತ್ತಿದ್ದರು. ತಂದ ಮೇಲೆ, “ಮೊದಲೇ ತರಬಾರದಿತ್ತೇನೋ?” ಎಂದರು.

ದುಡ್ಡು ಕೊಟ್ಟು ನಾನು ಸೋತದ್ದೂ ಉಂಟು. ಅಪ್ಪನ ಕಣ್ಣಿನ ಪೊರೆ ಆಪರೇಷನ್ ದಿನ ಆಫೀಸಿನಲ್ಲಿ ತುರ್ತು ಕೆಲಸವೆಂದು ಕಾರು ಗೊತ್ತುಮಾಡಿ ಕಳಿಸಿದೆ, ಆಸ್ಪತ್ರೆಯ ಬಿಲ್ ಮೊಬೈಲಿನಲ್ಲೇ ಕಟ್ಟಿದೆ. ಏನೂ ತೊಂದರೆಯಾಗಲಿಲ್ಲ. ಮುಂದಿನ ವಾರ ಊರಿಗೆ ಬಂದಾಗ ಅಪ್ಪ ಆ ಡ್ರೈವರನ ವಿಷಯವನ್ನೇ ಹೇಳಿದರು: ಮೆಟ್ಟಿಲಿಳಿಯುವಾಗ ಕೈ ಹಿಡಿದದ್ದು, ಟೀ ತಂದುಕೊಟ್ಟದ್ದು. ನನ್ನನ್ನು ಬೈಯಲಿಲ್ಲ. ಅಂದಿನ ತುರ್ತು ಕೆಲಸ ಏನೆಂಬುದು ಇವತ್ತು ನನಗೆ ನೆನಪಿಲ್ಲ.

ಅಂದಿನಿಂದ ಗಂಟೆಯ ಬೆಲೆ ನೋಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬೇರೆಯವರು ಮಾಡಿದರೂ ಇದು ಅದೇ ಕೆಲಸವೇ? ಬಟ್ಟೆಯನ್ನು ಯಾರು ಒಗೆದರೂ ಬಟ್ಟೆ ಶುದ್ಧವಾಗುತ್ತದೆ. ಅಪ್ಪನ ಕೈಯನ್ನು ನಾನೇ ಹಿಡಿಯಬೇಕಿತ್ತು.

ನಮ್ಮ ಗಣಿತದ ಮೇಷ್ಟ್ರು ಬೆಳಿಗ್ಗೆ 8 ಗಂಟೆಗೇ ಬಂದು, ಒಂದು ರೂಪಾಯಿ ಪಡೆಯದೆ ಹತ್ತನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ನಾನು ಎಂಜಿನಿಯರ್ ಆದದ್ದು ಆ ಗಂಟೆಗಳಿಂದ. ಹಳೆಯ ವಿದ್ಯಾರ್ಥಿಗಳಾದ ನಾವು ಶಾಲೆಗೆ ಫ್ಯಾನು, ಬೆಂಚು ಕೊಡೋಣ. ಅದಕ್ಕೆ ಹಣ ಸಾಕು. ಆ ಗಂಟೆಗಳ ಸಾಲ ಹಣದಿಂದ ತೀರುವುದಿಲ್ಲ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ, ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ನಾನು ಬಂದು ಗಣಿತ ಹೇಳಿಕೊಡುತ್ತೇನೆ. ಬರದಿದ್ದರೆ ಮಕ್ಕಳೇ, ನಮ್ಮ ಮನೆಗೆ ಹೋಗಿ ಅಪ್ಪನನ್ನು ಕೇಳಿ. ಅವರಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ಹುಡುಕಿ ಕಳಿಸುತ್ತಾರೆ.