ಮಕ್ಕಳ ದೂರು ಯಾರ ಕೈ ಸೇರುತ್ತದೆ?

(ನೆವಾರ್ಕ್‌ನಲ್ಲಿ ನಡೆದ ವಾರ್ಷಿಕ ನಿಧಿ ಸಂಗ್ರಹ ಸಮಾರಂಭದ ಭಾಷಣ)



ಕಳೆದ ಚಳಿಗಾಲದ ಒಂದು ರಾತ್ರಿ ದಾವಣಗೆರೆಯಿಂದ ನಮಗೆ ಫೋನ್ ಬಂತು. "ಅಣ್ಣಾ, ನಮ್ಮ ಹುಡುಗಿ ರೂಮಿಗೆ ಪೊಲೀಸರು ಬಂದಿದ್ರಂತೆ. ಏನು ತಪ್ಪು ಮಾಡಿದ್ಲೋ ಗೊತ್ತಿಲ್ಲ." ತಪ್ಪೇನೂ ಇರಲಿಲ್ಲ. ಯಾರೋ ಹಿಂಬಾಲಿಸುತ್ತಿದ್ದಾರೆಂದು ಅವಳೇ ತನ್ನ ವಿಶ್ವವಿದ್ಯಾಲಯಕ್ಕೆ ದೂರು ಬರೆದಿದ್ದಳು. ಆ ದೂರು ಪೊಲೀಸರಿಗೂ ಹೋಗುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ವೀಸಾ ಏನಾಗುವುದೋ ಎಂಬ ಹೆದರಿಕೆಯಲ್ಲಿ ಮರುದಿನವೇ ವಾಪಸು ಪಡೆದಳು. ಹಿಂಬಾಲಿಸಿದವನು ಯಾರೆಂದು ಇವತ್ತಿಗೂ ತಿಳಿದಿಲ್ಲ.

ಪೊಲೀಸರು ಬಂದದ್ದೇ ತಪ್ಪೆಂದು ನಾವು ಹೇಳುತ್ತಿಲ್ಲ. 1996ರ ಮೇ ತಿಂಗಳಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೊದ ಕ್ಯಾಲ್ ಪಾಲಿಯಲ್ಲಿ ಓದುತ್ತಿದ್ದ ಸ್ಟಾಕ್ಟನ್ನಿನ ಹುಡುಗಿ ಕ್ರಿಸ್ಟಿನ್ ಸ್ಮಾರ್ಟ್ ಕಾಣೆಯಾದಳು. ಕ್ಯಾಂಪಸ್ ಪೊಲೀಸರಿಂದ ಕೌಂಟಿ ಷೆರೀಫರ ಕೈಗೆ ತನಿಖೆ ಹೋಗಲು ಸುಮಾರು ಒಂದು ತಿಂಗಳು ಹಿಡಿಯಿತು. ಕೊಲೆಗಾರನ ಅಪರಾಧ ಸಾಬೀತಾದದ್ದು 2022ರಲ್ಲಿ! ಘೋರ ಅಪರಾಧಗಳಲ್ಲಿ ಕ್ಯಾಂಪಸ್ ಪೊಲೀಸರ ಹೊಣೆ ಯಾವುದು, ಊರಿನ ಪೊಲೀಸರ ಹೊಣೆ ಯಾವುದು ಎಂದು ಮೊದಲೇ ಲಿಖಿತ ಒಪ್ಪಂದ ಇರಬೇಕೆಂದು 1998ರಲ್ಲಿ ಅವಳ ಹೆಸರಿನಲ್ಲೇ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. 2014ರಲ್ಲಿ ಇನ್ನೊಂದು ಕಾನೂನು ಬಂತು. ಲೈಂಗಿಕ ದೌರ್ಜನ್ಯ, ಹಿಂಸೆ, ದ್ವೇಷದ ಅಪರಾಧಗಳ ದೂರನ್ನು ಕಾಲೇಜು ತಕ್ಷಣ ಸ್ಥಳೀಯ ಪೊಲೀಸರಿಗೆ ಕಳಿಸಬೇಕು, ಆದರೆ ನೊಂದವರ ಒಪ್ಪಿಗೆಯಿಲ್ಲದೆ ಅವರ ಹೆಸರು ಕೊಡುವಂತಿಲ್ಲ. ಆ ಹುಡುಗಿಯ ದೂರು ಈ ಪಟ್ಟಿಗೆ ಸೇರುತ್ತಿತ್ತೋ ಇಲ್ಲವೋ, ಅದು ಎಲ್ಲಿಗೆ ಹೋಗುತ್ತದೆಂದು ಅರ್ಜಿಯ ಮೇಲೇ ಒಂದು ಸಾಲು ಬರೆದಿದ್ದರೆ ಅವಳು ಹಾಗೆ ಹೆದರುತ್ತಿರಲಿಲ್ಲ.

1990ರ ಕ್ಲೆರಿ ಕಾನೂನಿನಂತೆ ಕಾಲೇಜುಗಳು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಸುರಕ್ಷತಾ ವರದಿ ಪ್ರಕಟಿಸಬೇಕು. ಕ್ಯಾಂಪಸ್ ಪೊಲೀಸರಿರುವ ಕಡೆ ದಿನನಿತ್ಯದ ಅಪರಾಧ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಬರ್ಕ್ಲಿಯೇ ಈ ವರದಿಗಳ ಲೋಪಕ್ಕೆ 2020ರಲ್ಲಿ 23.5 ಲಕ್ಷ ಡಾಲರ್ ದಂಡ ತೆರಬೇಕಾಯಿತು. ರ‍್ಯಾಂಕಿಂಗ್ ಬಾಯಿಪಾಠ ಮಾಡುವ ನಮ್ಮಲ್ಲಿ ಈ ವರದಿ ಓದಿದವರು ಎಷ್ಟು ಮಂದಿ? ನಾವೂ ಆ ಫೋನ್ ಬಂದ ಮೇಲೆಯೇ ಓದಿದ್ದು.

ಓರಿಯೆಂಟೇಷನ್‌ಗೆ ಹೋದಾಗ ಊಟ, ವಸತಿ ವಿಚಾರಿಸುವ ಜೊತೆಗೆ ಇದನ್ನೂ ಕೇಳಿ: ಮಗು ದೂರು ಕೊಟ್ಟರೆ ಮೊದಲು ಯಾರು ಓದುತ್ತಾರೆ? ಪೊಲೀಸರಿಗೆ ಯಾವಾಗ ಹೋಗುತ್ತದೆ? ಹೆಸರು ಹೋಗುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಲ್ಲೇ ಚೆರ್ರಿ ಸ್ಟ್ರೀಟಿನ ಓಲೋನಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೂ ಅಷ್ಟೇ.

ಇಂದು ತಾವು ಕೊಡುವ ದೇಣಿಗೆಯಲ್ಲಿ ಒಂದು ಪಾಲನ್ನು, ಊರಿನಿಂದ ಒಂಟಿಯಾಗಿ ಬಂದ ವಿದ್ಯಾರ್ಥಿಗಳಿಗೆ ಇಂಥ ಹೊತ್ತಿನಲ್ಲಿ ವಕೀಲರ ಸಲಹೆ ಕೊಡಿಸಲು ತೆಗೆದಿಡುತ್ತಿದ್ದೇವೆ. ರಾತ್ರಿ ಫೋನ್ ಎತ್ತಲು ಒಪ್ಪುವವರು ಊಟಕ್ಕೆ ಮೊದಲು ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆಸಿ.