ತಲೆಗೆ ಬಿದ್ದ ಪೆಟ್ಟು: ಗಾಯ ಮಾಗಿದ ಮೇಲೆ

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸರ್ವ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪಶುವೈದ್ಯ ಬಂದನೆಂದರೆ ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ, ಇಷ್ಟೇ ಮಾತು ಎಂದು ತಾವು ಬಲ್ಲಿರಿ. ಇಂದು ಮನುಷ್ಯರ ತಲೆಯ ಬಗ್ಗೆ ಮಾತನಾಡುತ್ತೇನೆ. ಕಾರಣವಿದೆ.

ನಾನು ಹೋಗಿಬರುವ ಊರೊಂದರಲ್ಲಿ ನಮ್ಮ ಸದಸ್ಯರೊಬ್ಬರು ಬೆಳಗಿನ ಹಾಲು ಹಾಕಲು ಬೈಕಿಗೆ ಕ್ಯಾನ್ ಕಟ್ಟಿಕೊಂಡು ಹೊರಟವರು ಟ್ರ್ಯಾಕ್ಟರಿಗೆ ತಗುಲಿ ಬಿದ್ದರು. ಡೈರಿ ಹತ್ತಿರವೇ ಎಂದು ಹೆಲ್ಮೆಟ್ ಗೂಟದಲ್ಲೇ ಉಳಿದಿತ್ತು. ತಲೆಗೆ ಶಸ್ತ್ರಚಿಕಿತ್ಸೆಯಾಗಿ, ನಡೆದುಕೊಂಡೇ ಮನೆಗೆ ಬಂದರು. ದೇವರು ದೊಡ್ಡವನು ಎಂದಿತು ಊರು. ಮೂರು ತಿಂಗಳ ಮೇಲೆ ಅವರ ಹಸುವಿಗೆ ಕೆಚ್ಚಲು ಬಾವೆಂದು ನನ್ನನ್ನು ಕರೆಸಿದರು. ವಿಚಾರಿಸಿದರೆ, ಅರ್ಧ ಕರೆದು, ಉಳಿದದ್ದನ್ನು ಮರೆತು ಎದ್ದುಹೋಗುತ್ತಿದ್ದರು. ಬೂಸಾ ಇಟ್ಟದ್ದು ನೆನಪಿಲ್ಲದೆ ಮತ್ತೊಮ್ಮೆ ಇಡುತ್ತಿದ್ದರು. ಎಂದೂ ಹಸುವನ್ನು ಹೊಡೆಯದವರು ದೊಣ್ಣೆ ಹಿಡಿದಿದ್ದರು. "ಮೈಗಳ್ಳ ಆಗಿದ್ದಾನೆ ಸಾರ್" ಎಂದರು ಅಣ್ಣ. ಹೆಂಡತಿ ಮಾತ್ರ, "ಇವರು ಮೊದಲಿನವರಲ್ಲ ಸಾರ್" ಎಂದರು.

ಆಕೆಯೇ ಸರಿ. ಮೆದುಳಿಗೆ ಏಟಾದರೆ ಹೊಲಿಗೆ ಮಾಗಿದರೂ ನೆನಪು, ಮಾತು, ಸಿಟ್ಟಿನ ಹತೋಟಿ ಕೆಟ್ಟಿರಬಹುದು. ಪಾರ್ಶ್ವವಾಯು, ಮೆದುಳು ಜ್ವರಗಳಿಂದಲೂ ಹೀಗಾಗುತ್ತದೆ.

ಇಂಥವರಿಗೆ ಸರ್ಕಾರದಲ್ಲಿ ಏನಿದೆ ಎಂದು ಹುಡುಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವಿಕಲತೆಗಳನ್ನು ಹೆಸರಿಸಿದೆ. ಮೆದುಳಿನ ಪೆಟ್ಟು ಎಂಬ ಹೆಸರು ಅದರಲ್ಲಿಲ್ಲ. ಇದು ಕಾಯಿದೆಯ ಕೊರತೆಯೆಂದೇ ನನ್ನ ಅಭಿಪ್ರಾಯ. ಆದರೆ ಬಾಗಿಲು ಮುಚ್ಚಿಲ್ಲ. ಕೈಕಾಲು ಬಿದ್ದುಹೋಗಿದ್ದರೆ ಚಲನ ವೈಕಲ್ಯದಲ್ಲಿ, ಮಾತು ನಿಂತಿದ್ದರೆ ವಾಕ್ ಮತ್ತು ಭಾಷಾ ವೈಕಲ್ಯದಲ್ಲಿ ಅರ್ಜಿ ಹಾಕಬಹುದು. ನಮ್ಮ ಸದಸ್ಯರಂತೆ ನೆನಪು, ವಿವೇಚನೆ ತೀರಾ ಕೆಟ್ಟಿದ್ದರೆ ಉಳಿಯುವುದು ಮಾನಸಿಕ ಕಾಯಿಲೆಯ ವಿಭಾಗ. ಕಾಯಿದೆಯ ವಿವರಣೆಯಲ್ಲೇ ನೆನಪಿನ ಮಾತಿದೆ. ಇಲ್ಲಿ ಮನೆಯವರು ಹಿಂಜರಿಯುತ್ತಾರೆ. "ಹುಚ್ಚ ಅಂತ ಬರೆಸಿಕೊಳ್ಳೋದೇ? ಮಗಳ ಮದುವೆ ಮಾಡೋದು ಹೇಗೆ?" ಎಂದು ಆ ಅಣ್ಣನವರು ನನ್ನನ್ನು ಕೇಳಿದರು. ಅವರ ಭಯ ಸುಳ್ಳಲ್ಲ. ಆದರೂ ಅದು ಕಚೇರಿಯ ವಿಂಗಡಣೆಯಷ್ಟೆ. ಶೇ. 40 ಮತ್ತು ಮೇಲ್ಪಟ್ಟ ಪ್ರಮಾಣಪತ್ರವಿಲ್ಲದೆ ಅಂಗವಿಕಲರ ಮಾಸಾಶನಕ್ಕೆ ದಾರಿಯಿಲ್ಲ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಯು.ಡಿ.ಐ.ಡಿ. ಕಾರ್ಡಿನ ಅರ್ಜಿಗೆ ನೆರವಾಗುತ್ತಾರೆ. ವೈದ್ಯರ ಮುಂದೆ ಕುಳಿತಾಗ ರೋಗಿ "ಚೆನ್ನಾಗಿದ್ದೀನಿ" ಎಂದುಬಿಡುತ್ತಾರೆ, ಅವರಿಗೆ ತಮ್ಮ ಮರೆವೇ ತಿಳಿಯದು. ಮರೆತದ್ದು, ರೇಗಿದ್ದು ಎಲ್ಲವನ್ನೂ ಹೆಂಡತಿ ಅಥವಾ ಮಕ್ಕಳು ದಿನಾಂಕದೊಡನೆ ಬರೆದು ಒಯ್ಯಬೇಕು.

ಅಪಘಾತವಾದ ಕೂಡಲೇ ಸಿಗುವುದು ಬೇರೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಉಂಟು. ಹೋರಿ ಹಾಯ್ದರೆ, ಕೊಟ್ಟಿಗೆಯ ಅಟ್ಟದಿಂದ ಬಿದ್ದರೆ ಇದು ಬಾರದು. ಆಗ ಆಯುಷ್ಮಾನ್ ಕಾರ್ಡನ್ನೋ ಯಶಸ್ವಿನಿಯನ್ನೋ ನೋಡಬೇಕು. ನಮ್ಮಂಥ ಸಹಕಾರ ಸಂಘಗಳ ಸದಸ್ಯರಿಗೆಂದೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿ, 2022ರಲ್ಲಿ ಮತ್ತೆ ಆರಂಭವಾಯಿತು. ಯಾವ ಚಿಕಿತ್ಸೆ ಅದರಲ್ಲಿ ಸೇರಿದೆ ಎಂಬುದನ್ನು ನೋಂದಣಿಯ ವೇಳೆಯಲ್ಲೇ ಕಾರ್ಯದರ್ಶಿಯವರಿಂದ ಕೇಳಿ ತಿಳಿಯಿರಿ.

ಇನ್ನು ಪರಿಹಾರ. 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯು ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಲು ಆರು ತಿಂಗಳ ಗಡುವು ಹೇಳುತ್ತದೆ. "ಮೊದಲು ವಾಸಿಯಾಗಲಿ" ಎಂದು ಕೂರಬೇಡಿ. ಪ್ರಮಾಣಪತ್ರದ ಶೇಕಡಾವಾರು ಬೇರೆ, ಗಳಿಕೆಯಲ್ಲಾದ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟು 2010ರಲ್ಲೇ ಸ್ಪಷ್ಟಪಡಿಸಿದೆ. ನಮ್ಮಲ್ಲಿ ಆ ನಷ್ಟಕ್ಕೆ ಸಾಕ್ಷಿ ಹಾಲಿನ ಪಾಸ್ ಪುಸ್ತಕ. ಅಪಘಾತಕ್ಕೆ ಮುಂಚೆ ಎಷ್ಟು ಲೀಟರ್, ಆಮೇಲೆ ಎಷ್ಟು ಎಂಬುದು ಅದರಲ್ಲಿದೆ. ದಯವಿಟ್ಟು ಹಳೆಯ ಪುಸ್ತಕಗಳನ್ನು ಒಲೆಗೆ ಹಾಕಬೇಡಿ.

ಬಟವಾಡೆಯ ಖಾತೆ ಗಂಡಸರ ಹೆಸರಿನಲ್ಲಿದ್ದು, ಅವರಿಗೆ ವ್ಯವಹಾರ ತಿಳಿಯದಂತಾದರೆ? ನೆರವು ಕೊಟ್ಟರೂ ತೀರ್ಮಾನ ಮಾಡಲಾಗದವರಿಗೆ ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ ಸೀಮಿತ ಪಾಲಕರನ್ನು ನೇಮಿಸಬಹುದೆಂದು ಅದೇ 2016ರ ಕಾಯಿದೆಯ 14ನೇ ಕಲಮಿನಲ್ಲಿದೆ. ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ತೆಗೆಯುವವರು ನೆಂಟರಲ್ಲೇ ಇರುತ್ತಾರೆ, ಎಚ್ಚರ.

ಆ ಸದಸ್ಯರ ಮನೆಯವರು ಐದನೇ ತಿಂಗಳಲ್ಲಿ ಅರ್ಜಿ ಹಾಕಿದರು. ಟ್ರ್ಯಾಕ್ಟರಿಗೆ ವಿಮೆ ಇತ್ತು, ಅದೊಂದು ಪುಣ್ಯ. ಪ್ರಮಾಣಪತ್ರ ಇನ್ನೂ ಬಂದಿಲ್ಲ. ಈಗ ಹೆಂಡತಿಯೇ ಹಾಲು ಕರೆಯುತ್ತಾರೆ. ಅವರು ಪಕ್ಕದಲ್ಲಿ ಹಗ್ಗ ಹಿಡಿದು ನಿಲ್ಲುತ್ತಾರೆ, ಹಸುವೂ ಸುಮ್ಮನಿರುತ್ತದೆ.