ಹೊಸ್ತಿಲು ದಾಟುವ ಸಂಜೆ

(ಬಾನುಲಿ ಭಾಷಣ)

ಚಿತ್ರ ನೋಡಲು ಹೋಗುವುದಕ್ಕೂ ಒಂದು ಯೋಜನೆ ಬೇಕೆ ಎಂದು ನೀವು ಕೇಳಬಹುದು. ಮದುವೆಗೆ ಬೇಕು, ಯಾತ್ರೆಗೆ ಬೇಕು, ಮನೆ ಕಟ್ಟುವುದಕ್ಕಂತೂ ಬೇಕೇ ಬೇಕು. ಆದರೆ ಕಾಸು ಕೇಳದ, ಬಾಗಿಲು ತೆರೆದೇ ಇರುವ ನಗರದ ಚಿತ್ರಶಾಲೆಗಳನ್ನು ಒಂದು ಸಂಜೆ ಅಡ್ಡಾಡಿ ನೋಡಿ ಬರುವುದಕ್ಕೆ ಎಂಥ ಸಿದ್ಧತೆ? ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ನನಗೆ ಕಲಿಸಿದವರು ಕೆಂಭಾವಿಯ ನನ್ನ ಸೋದರಮಾವ.

ಕೆಂಭಾವಿ ಸುರಪುರ ಸೀಮೆಯ ಊರು. ಈಗ ಯಾದಗಿರಿ ಜಿಲ್ಲೆಗೆ ಸೇರಿದೆ. ಮಾವ ಅಲ್ಲಿ ನಲವತ್ತು ವರ್ಷ ಬೋರ್ಡು ಬರೆದವರು. ಕಿರಾಣಿ ಅಂಗಡಿಯ ಹೆಸರು, ಶಾಲೆಯ ಗೋಡೆಯ ಮೇಲಿನ ಭಾರತದ ನಕಾಶೆ, ಲಾರಿಯ ಬೆನ್ನಿನ ನವಿಲು, ಗುಡಿಯ ಬಾಗಿಲಿನ ಎರಡು ಆನೆ, ಎಲ್ಲವೂ ಅವರ ಕೈಯವೇ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಜಂತಿಯ ಸಂದಿಗೆ ಸೇರಿಸಿಬಿಟ್ಟರು. ಆಮೇಲೆ ಅವನ್ನು ಇಳಿಸಿದ್ದಿಲ್ಲ.

ಕೆಲವು ವರ್ಷಗಳ ಹಿಂದೆ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಯಾದಗಿರಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದರು. ಒಂದು ಕಣ್ಣು ತಿಳಿಯಾಯಿತು. ಹೊಸದಾಗಿ ಬೆಳಕು ಕಂಡ ಕಣ್ಣಿಗೆ ಒಳ್ಳೆಯದೇನನ್ನಾದರೂ ತೋರಿಸಬೇಕೆಂಬ ಉತ್ಸಾಹದಲ್ಲಿ ನಾನು ಅವರನ್ನು ಒಂದು ಚಿತ್ರಶಾಲೆಗೆ ಕರೆದೊಯ್ದೆ. ಪ್ರವೇಶ ಉಚಿತ. ನಾನು ಗೇಟಿನಲ್ಲಿ ಪರಿಚಿತರೊಬ್ಬರೊಡನೆ ಮಾತಿಗೆ ನಿಂತೆ. ಮಾವ ಮುಂದೆ ಹೋದರು. ಗುಡಿಯೆದುರು ಮಾಡುವಂತೆ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಹತ್ತಿದರು. ಕಾವಲಿನವನು, “ಯಾರು ಬೇಕು?” ಎಂದ. “ಯಾರೂ ಬ್ಯಾಡ್ರಿ” ಎಂದು ಮಾವ ಇಳಿದು ಬಂದರು.

ಆ ಕಾವಲಿನವನು ಒರಟನಲ್ಲ. ದಿನವೂ ಹತ್ತು ಜನರನ್ನು ಕೇಳುವ ಪ್ರಶ್ನೆಯನ್ನೇ ಕೇಳಿದ್ದ. ನಾನು ಒತ್ತಾಯ ಮಾಡಿದೆ. ಮಾವ ಮೆಟ್ಟಿಲ ಮೇಲೆ ಕುಳಿತು, “ಒಳಗ ತಂಪು ಭಾಳ ಅದ, ಅಳಿಯಾ. ನೀ ನೋಡ್ಕೊಂಡು ಬಾ, ನಾ ಇಲ್ಲೇ ಕೂಡ್ತೀನಿ” ಎಂದರು. ನಾನು ಒಳಗೆ ಹೋದೆ. ಏನು ನೋಡಿದೆನೋ ಇಂದಿಗೂ ನೆನಪಿಲ್ಲ.

ಉಚಿತ ಎಂಬ ಮಾತಿನ ಮಿತಿ ನನಗೆ ಅಂದು ಅರಿವಾಯಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಜನರಿಗೆ ಬಾಗಿಲು ತೆರೆದಾಗ ಅಲ್ಲಿಯೂ ಹಣ ಕೇಳುತ್ತಿರಲಿಲ್ಲ. ಆದರೆ ನೋಡಬಯಸುವವರು ಮುಂಚಿತವಾಗಿ ಬರೆದು ಅರ್ಜಿ ಕೊಟ್ಟು ಚೀಟಿ ಪಡೆಯಬೇಕಾಗಿತ್ತು. ಕಾಸು ಬೇಡ, ಅಕ್ಷರ ಬೇಕು, ಬಿಡುವು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಧೈರ್ಯ ಬೇಕು. ಚೀಟಿಯ ಕಾಲ ಹೋಯಿತು. ಧೈರ್ಯದ ಅಗತ್ಯ ಹೋಗಿಲ್ಲ.

ಹೊಸ್ತಿಲ ಮಾತು ಬಂದರೆ ಕೆಂಭಾವಿಯವರಿಗೆ ಭೋಗಣ್ಣನ ನೆನಪಾಗದೆ ಇರದು. ಹರಿಹರ ಆ ಶರಣನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಊರವರು ದೂರವಿಟ್ಟ ಕುಲದವನ ವೇಷದಲ್ಲಿ ಶಿವನು ಬಾಗಿಲಿಗೆ ಬಂದಾಗ ಭೋಗಣ್ಣ ಅವನನ್ನು ಒಳಗೆ ಕರೆದು ಉಪಚರಿಸಿದ. ಊರ ಹಿರಿಯರು ಕೆರಳಿ ಅವನನ್ನೇ ಹೊರಗೆ ಹಾಕಿದರು. ಅವನು ನಡೆದಾಗ ಊರಿನ ಲಿಂಗಗಳೆಲ್ಲ ಅವನ ಬೆನ್ನು ಹತ್ತಿ ಹೊರಟುವಂತೆ. ಭೋಗಣ್ಣ ಬಂದವನನ್ನು ಯಾರು ಬೇಕೆಂದು ಕೇಳಲಿಲ್ಲ, ಬನ್ನಿ ಎಂದ. ಅಂಥ ಊರಿನ ಮನುಷ್ಯನನ್ನು ನಾನು ಮೆಟ್ಟಿಲ ಮೇಲೆ ಕೂರಿಸಿ ಬಂದಿದ್ದೆನಲ್ಲ!

ಎರಡನೆಯ ಕಣ್ಣಿನ ಚಿಕಿತ್ಸೆಗೆಂದು ಮಾವ ಮತ್ತೆ ಜನವರಿಯಲ್ಲಿ ಬಂದರು. ಆಸ್ಪತ್ರೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು. ಈ ಸಲ ನಾನು ಕಾಗದ ಪೆನ್ಸಿಲು ಹಿಡಿದು ಕುಳಿತೆ.

ಮೊದಲ ಪಟ್ಟಿಯಲ್ಲಿ ಐದು ಜಾಗಗಳಿದ್ದುವು. ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯೂ ಇತ್ತು. ಅಲ್ಲಿನ ಶುಲ್ಕ ಅಲ್ಪವೇ. ಆದರೂ ಅದನ್ನು ಹೊಡೆದುಹಾಕಿದೆ. ಒಂದು ಸಂಜೆಗೆ ಕಣ್ಣು ಹಿಡಿಯುವಷ್ಟೇ ಹಿಡಿಯುತ್ತದೆ. ಕೊನೆಗೆ ಉಳಿದದ್ದು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. ಎಂ. ಎಸ್. ನಂಜುಂಡರಾಯರ ಶ್ರಮದಿಂದ ಬೆಳೆದ ಈ ಸಂಸ್ಥೆ 1960ರಷ್ಟು ಹಳೆಯದು. ಅದರ ಸಂಗ್ರಹಾಲಯಕ್ಕೆ ಟಿಕೆಟ್ಟಿದೆ. ಕಲಾವಿದರು ತಾತ್ಕಾಲಿಕವಾಗಿ ಪ್ರದರ್ಶನ ನಡೆಸುವ ಕೋಣೆಗಳಿಗೆ ಇಲ್ಲ. ಫೋನು ಮಾಡಿ ಯಾವ ಪ್ರದರ್ಶನ, ಎಷ್ಟು ಹೊತ್ತಿನವರೆಗೆ ಎಂದು ಕೇಳಿಕೊಂಡೆ. ಇದು ಸಣ್ಣ ಕೆಲಸ, ಆದರೆ ಮುಚ್ಚಿದ ಬಾಗಿಲಿನಿಂದ ಹಿರಿಯರನ್ನು ಮರಳಿ ಕರೆತರುವ ಸಂಕಟವನ್ನು ತಪ್ಪಿಸುತ್ತದೆ. ಎರಡೇ ಕೋಣೆ, ನಡುವೆ ಚಹ, ಕೂರಲು ಒಂದು ಜಾಗ, ನನ್ನ ವಿವರಣೆ ಬೇಡ: ಇಷ್ಟು ಬರೆದುಕೊಂಡೆ.

ಅದಕ್ಕೂ ಮೊದಲು ಒಂದು ಪೂರ್ವರಂಗ ಬೇಕಾಗಿತ್ತು. ಆ ಭಾನುವಾರವೇ ಚಿತ್ರಸಂತೆ. ಪ್ರತಿ ವರ್ಷ ಜನವರಿಯಲ್ಲಿ ಒಂದು ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಬೇರೆಬೇರೆ ರಾಜ್ಯಗಳ ಕಲಾವಿದರು ರಸ್ತೆಯ ಎರಡೂ ಬದಿಯಲ್ಲಿ ತಮ್ಮ ಚಿತ್ರಗಳನ್ನು ಹರಡುತ್ತಾರೆ. ಸಂತೆ ಎಂದರೆ ಮಾವನಿಗೆ ಹೇಳಿಕೊಡಬೇಕೆ? ಚಪ್ಪಲಿ ಬಿಡಲಿಲ್ಲ, ಅಳುಕಲಿಲ್ಲ. ಕುಕ್ಕುರುಗಾಲಲ್ಲಿ ಕೂತು ಬೆಲೆ ಕೇಳಿದರು, ಬಣ್ಣ ಯಾವುದೆಂದು ಕೇಳಿದರು, ದುಬಾರಿ ಎಂದು ನಕ್ಕು ಎದ್ದರು. ಮರಳುವಾಗ, “ಸಂತ್ಯಾಗ ಯಾರು ಬೇಕು ಅಂತ ಯಾರೂ ಕೇಳೂದಿಲ್ಲ ನೋಡು” ಎಂದರು. ಹಿಂದಿನ ಸಲದ್ದು ಅವರ ಮನಸ್ಸಿನಲ್ಲಿ ಹಾಗೆಯೇ ಕುಳಿತಿತ್ತು.

ಆ ರಾತ್ರಿ ಊಟದ ಮೇಲೆ ಮಾತು ಬೆಳೆಯಿತು. ನಮ್ಮ ಸೀಮೆಗೆ ಚಿತ್ರ ಹೊಸದಲ್ಲ ಎಂದೆ. ಸುರಪುರದ ನಾಯಕರ ಆಶ್ರಯದಲ್ಲಿ ಒಂದು ಚಿತ್ರಶೈಲಿಯೇ ಬೆಳೆಯಿತು. ಗರುಡಾದ್ರಿ ಮನೆತನದ ಕಲಾವಿದರು ಅದನ್ನು ಬೆಳಗಿದರು. ಮಾವ ಹೂಂ ಎಂದರೇ ಹೊರತು ಅರಳಲಿಲ್ಲ. ಕಲಬುರ್ಗಿಯ ಎಸ್. ಎಂ. ಪಂಡಿತರ ಹೆಸರು ಎತ್ತಿದ ಕೂಡಲೇ ನೆಟ್ಟಗೆ ಕುಳಿತರು. 1916ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ದೇವರ ಕ್ಯಾಲೆಂಡರುಗಳನ್ನೂ ಬರೆದು ನಾಡಿಗೆಲ್ಲ ಪರಿಚಿತರಾದ ಪಂಡಿತರು. “ಅವರ ಕ್ಯಾಲೆಂಡರ್ ನೋಡೇ ನಾ ಕೃಷ್ಣನ ಮಾರಿ ತಗೀಲಾಕ ಕಲ್ತಿದ್ದು. ಅವರು ನಮ್ಮ ಕಲಬುರ್ಗ್ಯಾವರಾ?” ಎಂದು ಎರಡು ಸಲ ಕೇಳಿದರು.

ಬುಧವಾರ ಸಂಜೆ ಐದಕ್ಕೆ ಪರಿಷತ್ತಿಗೆ ಹೋದೆವು. ಮೊದಲು ಅಂಗಳದ ಮರದ ಕೆಳಗೆ ಕುಳಿತೆವು. ಅಲ್ಲಿ ಕಲಿಯುವ ಹುಡುಗ ಹುಡುಗಿಯರು ಬಣ್ಣ ಮೆತ್ತಿದ ಬಟ್ಟೆಯಲ್ಲೇ ಓಡಾಡುತ್ತಿದ್ದರು. ಮಾವ ಅವರ ಬಟ್ಟೆಯನ್ನು ನೋಡಿ, ತಮ್ಮ ಅಂಗಿಯನ್ನು ನೋಡಿಕೊಂಡರು. ಬಹುಶಃ ನನ್ನ ಯೋಜನೆಯಲ್ಲಿ ಇಲ್ಲದ ಆ ಗಳಿಗೆಯೇ ಅವರನ್ನು ಒಳಗೆ ಕರೆದುಕೊಂಡುಹೋಯಿತು.

ಕೋಣೆಯಲ್ಲಿ ಒಬ್ಬ ಯುವ ಕಲಾವಿದೆಯ ಚಿತ್ರಗಳಿದ್ದುವು. ಅರ್ಥವಾಗುವಂಥವಲ್ಲ, ನನಗಂತೂ ಆಗಲಿಲ್ಲ. ಮಾವ ಅರ್ಥ ಹುಡುಕಲೇ ಇಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ ಒಂದು ಉದ್ದನೆಯ ಗೆರೆಯನ್ನು ಎಡದಿಂದ ಬಲಕ್ಕೆ ಕಣ್ಣಿನಲ್ಲೇ ಎಳೆದರು. “ಇದು ಒಂದೇ ಉಸಿರಿನಾಗ ಎಳ್ದದ್ದು. ಕೆಳಗಿಂದು ಎರಡು ಸರ್ತಿ ಎಳ್ದೀರಿ, ಹೌದಿಲ್ಲವ್ವಾ?” ಎಂದರು. ಅವಳು ಬೆರಗಾಗಿ ನಕ್ಕು, “ಹೌದು, ಕೈ ನಡುಗಿತು” ಎಂದು ತನ್ನ ಕುರ್ಚಿಯನ್ನೇ ತಂದು ಹಾಕಿದಳು. ಇಬ್ಬರೂ ಕುಂಚದ ಕೂದಲಿನ ಬಗೆಗೆ, ಬಣ್ಣ ಒಣಗುವ ಹೊತ್ತಿನ ಬಗೆಗೆ ಮಾತಾಡಿದರು. ನಾನು ದೂರ ನಿಂತೆ. ಎರಡನೆಯ ಕೋಣೆ ನೋಡಲೇ ಇಲ್ಲ; ಚಹವೂ ಆಗಲಿಲ್ಲ.

ಹೊರಡುವಾಗ ಅಭಿಪ್ರಾಯದ ಪುಸ್ತಕವನ್ನು ಅವಳು ಮುಂದಿಟ್ಟಳು. ಮಾವ ನನ್ನ ಪೆನ್ನು ಕೇಳಿ ಪಡೆದು, ಮೇಲೆ ಕೆಳಗೆ ತೆಳುವಾಗಿ ಎರಡು ಗೆರೆ ಹಾಕಿ, ಅವುಗಳ ನಡುವೆ ಕೆಂಭಾವಿ ಎಂದು ಬರೆದರು. ಬೋರ್ಡಿನ ಅಕ್ಷರ, ಬಲಗಡೆಗೆ ನೆರಳು ಬಿದ್ದ ಅಕ್ಷರ. ಹತ್ತು ನಿಮಿಷ ಹಿಡಿಯಿತು. ಬಾಗಿಲು ಮುಚ್ಚಲು ಬಂದವನು ಬೀಗ ಹಿಡಿದುಕೊಂಡು ನೋಡುತ್ತ ನಿಂತ. ಮಾವ ಪೆನ್ನನ್ನು ಒರೆಸಿ ನನ್ನ ಜೇಬಿಗೆ ಹಾಕುತ್ತ, “ಪೆನ್ನು ಚಲೋ ಇಲ್ಲ, ಅಳಿಯಾ. ಕುಂಚ ತರಬೇಕಿತ್ತು” ಎಂದರು.